ಇವರ ತಲೆ ಮೇಲೆ ಕೂತ ಹಕ್ಕಿ

ಶಕುನ, ದೋಷ ಅಂದರೆ ನಗುವವಳು ನಾನು. ಬೈನಾಕ್ಯುಲರ್ ಹಿಡಿದು ವರ್ಷಗಟ್ಟಲೆ ಹಕ್ಕಿಗಳ ಹಿಂದೆ ಅಲೆದವಳಿಗೆ, ಕಾಗೆ ತಲೆಗೆ ಬಡಿದರೆ ಶನಿ ಅಂತ ಹೇಳಿ ನೋಡಿ. ಅದರ ಗೂಡು ಹತ್ತಿರದಲ್ಲಿದೆ ಅಷ್ಟೇ ಅಂತ ನಿಮಗೇ ಪಾಠ ಮಾಡಿಯೇನು. ಆದರೆ ಈ ಒಂದು ಸಂಗತಿ ಮಾತ್ರ ನನ್ನ ಪಾಠಕ್ಕೆ ಸಿಗುತ್ತಿಲ್ಲ.

ಕೆಲವು ವರ್ಷದ ಹಿಂದಿನ ಏಪ್ರಿಲ್. ಅಮೆರಿಕದಲ್ಲಿ ನಾವಿರುವ ಶುಗರ್ ಲ್ಯಾಂಡ್ ಊರಿನಿಂದ ಗ್ಯಾಲ್ವಸ್ಟನ್ ದ್ವೀಪ ಒಂದು ಗಂಟೆ ಡ್ರೈವ್. ಆ ತಿಂಗಳು ದಕ್ಷಿಣದಿಂದ ವಲಸೆ ಹಕ್ಕಿಗಳು ಸಮುದ್ರ ದಾಟಿ ಬರುತ್ತವೆ. ಎದುರಿಗೆ ಉತ್ತರದ ಗಾಳಿ ಬೀಸಿತೋ, ಸುಸ್ತಾಗಿ ದ್ವೀಪದ ಮೇಲೆ ದೊಪದೊಪನೆ ಇಳಿಯುತ್ತವೆ. ಅಂಥ ದಿನ ಮನೆಯಲ್ಲಿ ಕೂರುವುದುಂಟೇ? ಇವರನ್ನೂ, ಮೈಸೂರಿನಿಂದ ಬಂದಿದ್ದ ಅತ್ತೆಯನ್ನೂ ಎಳೆದುಕೊಂಡು ಹೋದೆ. ಆಸ್ಟಿನ್‌ನಿಂದ ನನ್ನ ತಂಗಿ ವೀಣಾ ಸಂಜೆಗೆ ನಮ್ಮ ಮನೆಗೆ ಬರುವವಳಿದ್ದಳು.

ಪೊದೆ ಪೊದೆಯಲ್ಲೂ ಹಕ್ಕಿ, ಬೆಂಚಿನ ಕೆಳಗೂ ಹಕ್ಕಿ. ಪರ್ಪಲ್ ಮಾರ್ಟಿನ್ ಅನ್ನುವ ಕಪ್ಪು ಹಕ್ಕಿಯೊಂದು ಸೀದಾ ಬಂದು ಇವರ ಬೋಳು ತಲೆ ಮೇಲೆ ಕೂತುಬಿಟ್ಟಿತು. ನಾನು ಖುಷಿಯಿಂದ ಫೋಟೋ ತೆಗೆಯುತ್ತಿದ್ದರೆ ಅತ್ತೆಯ ಮುಖ ಬಿಳಿಚಿತು. "ಅಯ್ಯಯ್ಯೋ, ಕಪ್ಪು ಹಕ್ಕಿ ಕಣಮ್ಮ! ಕಾಗೆ ಮುಟ್ಟಿದ್ರೆ, ಮುಟ್ಟಿಸಿಕೊಂಡೋರು ಸತ್ರು ಅಂತ ಹತ್ತಿರದೋರಿಗೆ ಸುಳ್ಳು ಸುದ್ದಿ ಹೇಳಿ ಅಳಿಸ್ತಾರೆ. ಅವರು ನಿಜವಾಗ್ಲೂ ಅತ್ರೆ ದೋಷ ಕಳೆಯತ್ತೆ. ಯಾರಿಗಾದ್ರೂ ಫೋನ್ ಮಾಡು." ಇದು ಕಾಗೆ ಅಲ್ಲ ಅತ್ತೆ, ಸುಸ್ತಾದ ಪಾಪದ ಹಕ್ಕಿ ಅಂದೆ. ಕೇಳಲಿಲ್ಲ, ಕಣ್ಣೀರೇ ಹಾಕಿದರು. ಇವರೂ ಕತ್ತು ಅಲ್ಲಾಡಿಸದೆ, "ಮಾಡ್ಬಿಡೇ, ಅಮ್ಮನ ಬಿಪಿ ಏರತ್ತೆ" ಅಂದರು. ಕೈ ಬೀಸಿದರೂ ಹಕ್ಕಿ ಕದಲಲಿಲ್ಲ.

ನನ್ನ ಸುಳ್ಳಿಗೆ ನಿಜವಾಗಿ ಅಳುವವಳು ವೀಣಾ ಒಬ್ಬಳೇ. ಸ್ಪೀಕರ್ ಹಾಕಿ, ನಗು ತಡೆದುಕೊಂಡು, "ನಿಮ್ಮ ಭಾವ ಹೋಗ್ಬಿಟ್ರು ಕಣೇ" ಅಂದೆ. ಅವಳು ಚೀರಿಬಿಟ್ಟಳು. ಅದೇ ಕ್ಷಣ ಹಕ್ಕಿ ಎದ್ದು ಸಮುದ್ರದ ಕಡೆ ಹಾರಿತು. "ಸುಳ್ಳು ಕಣೇ, ಸುಳ್ಳು!" ಅಂತ ಕೂಗುತ್ತಿದ್ದೇನೆ, ಆ ಕಡೆ ಯಾರೂ ಇಲ್ಲ. ಮತ್ತೆ ಮತ್ತೆ ಮಾಡಿದರೂ ಫೋನ್ ಹೋಗಲಿಲ್ಲ. ದೇವರೇ, ಅವಳಿಗೇನಾಯಿತೋ!

ಕೊನೆಗೆ ಅವಳ ಗಂಡ ಫೋನ್ ಮಾಡಿದರು. ನಮ್ಮಲ್ಲಿಗೆ ಹೊರಡಲು ಕಾರಿನಲ್ಲಿ ಕೂತಿದ್ದವಳು, ಸುದ್ದಿ ಕೇಳಿ ಫೋನನ್ನು ಸೀಟಿನ ಮೇಲೇ ಬಿಸಾಕಿ, ಅಳುತ್ತಾ ಮನೆಯೊಳಗೆ ಓಡಿದಳಂತೆ. ಬಾಗಿಲು ದಾಟುವಷ್ಟರಲ್ಲಿ ಗಾಳಿಗೆ ಓಕ್ ಮರದ ದೊಡ್ಡ ಕೊಂಬೆ ಮುರಿದು ಕಾರಿನ ಮೇಲೆ ಬಿತ್ತಂತೆ. ಡ್ರೈವರ್ ಸೀಟು ಅಪ್ಪಚ್ಚಿ.

ಕಾಕತಾಳೀಯ ಅಂತೀರಿ. ನಾನೂ ಅದನ್ನೇ ಅಂದೆ. ಹಕ್ಕಿಯನ್ನು ಇಳಿಸಿದ್ದೂ ಕೊಂಬೆ ಮುರಿದದ್ದೂ ಅದೇ ಉತ್ತರದ ಗಾಳಿ, ಅಷ್ಟನ್ನು ವಿವರಿಸಬಲ್ಲೆ. ಆದರೆ ಸಮುದ್ರ ದಾಟಿ ಸೋತು ಬಂದ ಹಕ್ಕಿ ಏಪ್ರಿಲ್‌ನಲ್ಲಿ ಮತ್ತೆ ಸಮುದ್ರಕ್ಕೇ ತಿರುಗುವುದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಯಾಕೆ ಹೋಯಿತು, ಗೊತ್ತಿಲ್ಲ.

ವೀಣಾ ಈಗಲೂ ನನ್ನ ಫೋನ್ ಎತ್ತಿದರೆ ಹಲೋ ಅನ್ನುವುದಿಲ್ಲ. "ಭಾವ ಇದ್ದಾರೆ ತಾನೆ?" ಅಂತಲೇ ಶುರು. ಇದ್ದಾರೆ ಕಣೇ, ಅನ್ನುತ್ತೇನೆ. ನೀನೂ ಇದ್ದೀಯ ಅನ್ನುವುದನ್ನು ಮಾತ್ರ ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ.