ಕೆಂಪು ಪಟ್ಟಿಯ ಹೊರಗೆ

ಕಾಯುವುದನ್ನೇ ಕಸುಬು ಮಾಡಿಕೊಂಡವರು ಗ್ರಾಟ್ಸ್ ಊರಿನಲ್ಲಿ ಇನ್ನೂ ಕೆಲವರಿದ್ದಾರು. ಹೆಡ್ವಿಗ್ ಪ್ರಾಸ್ಲ್ ಕಾದ ಹಾಗೆ ಕಾದವರು ಯಾರೂ ಇರಲಾರರು. ರಸಾಯನ ವಿಭಾಗದ ನೆಲಮಾಳಿಗೆಯಲ್ಲಿ ಆಳೆತ್ತರದ ಅಯಸ್ಕಾಂತ, ಅದರ ಪಕ್ಕ ಒರಗಲು ಬೆನ್ನಿಲ್ಲದ ಸ್ಟೂಲು, ಸ್ಟೂಲಿನ ಮೇಲೆ ಹೆಡ್ವಿಗ್. ಹರೆಯದಲ್ಲಿ ಅವಳನ್ನು ಮೆಚ್ಚಿದವನೊಬ್ಬ ಟ್ರಾಮ್ ನಿಲ್ದಾಣದಲ್ಲಿ ಕಾದು ಕಾದು ಬೇಸತ್ತು, ಕೊನೆಗೆ ಲಿಂಟ್ಸ್ ಕಡೆಯವಳನ್ನು ಮದುವೆಯಾದನಂತೆ. ವಿಭಾಗದಲ್ಲಿ ಇದನ್ನು ತಮಾಷೆಗೆ ಹೇಳುತ್ತಾರೆ, ಆದರೆ ನಡೆದದ್ದು ಹಾಗೆಯೇ.

ಅವಳ ಕೆಲಸ ಇಷ್ಟು. ಗಾಳಿ ತಾಗದಂತೆ ಗಾಜಿನ ಕೊಳವೆಯಲ್ಲಿ ಮುಚ್ಚಿದ ಒಂದು ಚಿಟಿಕೆ ಪುಡಿ. ಆ ಪುಡಿಯೊಳಗೆಲ್ಲ ಪದರದ ಮೇಲೆ ಪದರ. ಪದರಗಳ ಸಂದಿಯಲ್ಲಿ ಲಿಥಿಯಂ ಅಯಾನುಗಳು ಒಂದು ಜಾಗದಿಂದ ಇನ್ನೊಂದಕ್ಕೆ ಜಿಗಿಯುತ್ತಿರುತ್ತವೆ. ಬ್ಯಾಟರಿಗಳು ನಡೆಯುವುದೇ ಇಂಥ ಜಿಗಿತದಿಂದ. ಅಯಸ್ಕಾಂತದೊಳಗೆ ಸಾಲಾಗಿ ನಿಂತ ಅವುಗಳನ್ನು ರೇಡಿಯೋ ಅಲೆಯಿಂದ ಒಮ್ಮೆ ತಟ್ಟಿ ಸಾಲು ಕೆಡಿಸಬೇಕು, ಮತ್ತೆ ಸಾಲಿಗೆ ಬರಲು ಎಷ್ಟು ಹೊತ್ತು ಹಿಡಿಯಿತೆಂದು ನೋಡಬೇಕು. ಜಿಗಿತದ ವೇಗ ಅದರಿಂದ ತಿಳಿಯುತ್ತದೆ. ದ್ರವ ಸಾರಜನಕದಿಂದ ತಣ್ಣಗೆ ಮಾಡಿದಷ್ಟೂ ಅವು ಸೋಮಾರಿಯಾಗುತ್ತವೆ, ಸಾಲಿಗೆ ಬರಲು ಮೀನಮೇಷ ಎಣಿಸುತ್ತವೆ. ಆಗ ಕಾಯಬೇಕು.

“ಫ್ರಾವ್ ಡಾಕ್ಟರ್, ಅಳೆಯೋದು ಯಂತ್ರ. ನಾವ್ಯಾಕೆ ಕಾವಿಗೆ ಕೂತ ಕೋಳಿ ಥರ ಇಲ್ಲಿ ಕೂತಿರ್ಬೇಕು?” ಎಂದು ದಾವೋರಿನ್ ಕೇಳುತ್ತಿದ್ದ. ಅವನು ಗಡಿಯಾಚೆಯ ಮಾರಿಬೋರ್‌ನಿಂದ ದಿನಾ ರೈಲಿನಲ್ಲಿ ಬರುವ ಸಂಶೋಧಕ, ಹೆಂಡತಿ ಮಗಳು ಇರುವವನು.

“ಯಾರಾದ್ರೂ ಕೂತಿರ್ಬೇಕಪ್ಪ. ಹೋದ ಸಲ ಎದ್ದು ಹೋದಾಗ ಸಾರಜನಕ ಮುಗ್ದು ಮಾಡಿದ್ದೆಲ್ಲ ಮಣ್ಣುಪಾಲಾಯ್ತು.”

“ಆ ಹೋದ ಸಲ ನಾನಿನ್ನೂ ಸ್ಕೂಲಿಗೆ ಹೋಗ್ತಿದ್ದೆ.”

“ಆದ್ರೇನು? ಕೂತ್ಕೋ.”

ಅವನು ಕೂರುತ್ತಿದ್ದ.

ಈಚೆಗೆ ಹೆಡ್ವಿಗ್‌ಗೆ ಮೆಟ್ಟಿಲು ಹತ್ತಿದರೆ ಜೀವ ಬಾಯಿಗೆ ಬರುತ್ತಿತ್ತು. ತಿರುವಿನಲ್ಲಿ ನಿಂತು ನೋಟಿಸು ಓದುವ ನೆಪ ಮಾಡಿ ಸುಧಾರಿಸಿಕೊಳ್ಳುತ್ತಿದ್ದಳು. ಕಳೆದ ವರ್ಷದ ಗಾಯನಗೋಷ್ಠಿಯ ನೋಟಿಸು ಅವಳಿಗೆ ಬಾಯಿಪಾಠವಾಗಿಹೋಯಿತು. ಹೃದಯದ ವೈದ್ಯರು ಪರೀಕ್ಷೆ ಮಾಡಿ, “ನಿಮ್ಮ ಹೃದಯ ತೀರಾ ನಿಧಾನ, ಫ್ರಾವ್ ಡಾಕ್ಟರ್. ಪೇಸ್‌ಮೇಕರ್ ಹಾಕ್ಲೇಬೇಕು. ನಾಳೆ ಅಂದ್ರೆ ನಾಳೆ,” ಎಂದರು.

ಹೆಡ್ವಿಗ್ ತಲೆಯಾಡಿಸಿ ಹೊರಬಂದಳು. ಅಯಸ್ಕಾಂತದ ಸುತ್ತ ನೆಲದ ಮೇಲೆ ಕೆಂಪು ಪಟ್ಟಿ ಅಂಟಿಸಿದೆ. ಒಳಗೆ ಹೋಗುವವರು ಬಾಗಿಲ ಬಳಿಯ ಮರದ ಬೋಗುಣಿಯಲ್ಲಿ ಗಡಿಯಾರ, ಬೀಗದಕೈ, ಫೋನು ಎಲ್ಲ ಬಿಟ್ಟು ಹೋಗಬೇಕು. ಪೇಸ್‌ಮೇಕರ್ ಇರುವವರು ಪಟ್ಟಿ ದಾಟಲೇಬಾರದು ಎಂದು ಗೋಡೆಯ ಮೇಲೆ ಬರೆದಿದೆ. ಬರೆದವಳು ಅವಳೇ.

ಹಾಗಾಗಿ ಅವಳು ಯಾರಿಗೂ ಹೇಳಲಿಲ್ಲ. ಈ ಪುಡಿಯೊಂದು ಮುಗಿಯಲಿ, ಕೊರೆಯುವ ಚಳಿಯ ಕೊನೆಯ ಅಳತೆಗಳು ಸಿಗಲಿ, ಆಮೇಲೆ ನೋಡೋಣ ಎಂದುಕೊಂಡಳು. ಆ ಪಟ್ಟಿಯೊಳಗೆ ಇಲ್ಲದ ತಾನು ಯಾರು ಎಂದು ಅವಳಿಗೇ ಗೊತ್ತಿರಲಿಲ್ಲ, ಅದಕ್ಕೇ ಭಯ.

ಒಂದು ಬೆಳಿಗ್ಗೆ ಸಾರಜನಕ ತುಂಬಿಸುವಾಗ ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದಳು. ದಾವೋರಿನ್ ಆಂಬುಲೆನ್ಸಿಗೆ ಫೋನ್ ಮಾಡಿದ. ಬಂದವರು ಉಕ್ಕಿನ ಆಮ್ಲಜನಕದ ಸಿಲಿಂಡರ್ ಹೊತ್ತು ಸೀದಾ ಒಳಗೆ ನುಗ್ಗಲು ಹೊರಟರು. ನೆಲದ ಮೇಲಿಂದ ಹೆಡ್ವಿಗ್ ಕಣ್ಣು ಬಿಟ್ಟಳು.

“ಸಿಲಿಂಡರ್ ತರ್ಬೇಡಿ! ಹಾರಿಬಂದು ಬಡಿಯುತ್ತೆ!”

“ಪಾಪ, ಏನೇನೋ ಬಡಬಡಿಸ್ತಿದಾರೆ,” ಎಂದ ಒಬ್ಬ.

“ಬಡಬಡಿಕೆ ಅಲ್ಲ ಮಾರಾಯ, ಅಲ್ಲೇ ನಿಲ್ಲು!” ಎಂದು ದಾವೋರಿನ್ ಕೂಗಿ, ತನ್ನ ಬಿಳಿ ಕೋಟನ್ನು ಅವಳ ಕೆಳಗೆ ಸರಿಸಿ, ಮೂಟೆ ಎಳೆದಂತೆ ಎಳೆದುಕೊಂಡು ಬಂದ. ಪಟ್ಟಿ ದಾಟುವಾಗ ಹೆಡ್ವಿಗ್ ಅದನ್ನು ಕೈಯಲ್ಲಿ ಮುಟ್ಟಿದಳು. “ಸಾರಜನಕದ ನಲ್ಲಿ ತಿರುಗ್ಸಿ ನಿಲ್ಸು,” ಎಂದಳು.

ಗುಣವಾಗಿ ಮರಳಿದಾಗ ಮೆಟ್ಟಿಲು ಹಗುರಾಗಿದ್ದವು. ಎದೆಯಲ್ಲಿ ಪೇಸ್‌ಮೇಕರ್ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತು. ಅಭ್ಯಾಸಬಲದಿಂದ ಗಡಿಯಾರ ಬಿಚ್ಚಿ ಬೋಗುಣಿಗೆ ಹಾಕಿದಳು. ಪಟ್ಟಿಯ ಹತ್ತಿರ ಬಂದು ನಿಂತಳು. ಅಳು ಬರುತ್ತದೆಂದುಕೊಂಡಿದ್ದಳು, ಬರಲಿಲ್ಲ. ಬರೀ ದಣಿವು.

ಒಳಗೆ ಅವಳ ಸ್ಟೂಲಿನ ಮೇಲೆ ದಾವೋರಿನ್ ಬೆನ್ನು ಬಾಗಿಸಿ, ಗಲ್ಲಕ್ಕೆ ಕೈಯಿಟ್ಟು, ಪರದೆ ನೋಡುತ್ತ ಕೂತಿದ್ದ. ಅವನು ದಿನಾ ತರುವ, ಕುಂಬಳಬೀಜದ ಎಣ್ಣೆ ಹಾಕಿದ ಅವರೆಕಾಳಿನ ಊಟದ ಡಬ್ಬಿ ಬಾಗಿಲ ಬಳಿ ತೆರೆಯದೆ ಬಿದ್ದಿತ್ತು. ಅವನು ಕೂತ ರೀತಿ ಥೇಟ್ ತನ್ನದೇ. ಹೊರಗಿನಿಂದ ತಾನು ಹೀಗೆ ಕಾಣುತ್ತಿದ್ದೆನೇ?

ಆಗ ಬೋಗುಣಿ ಗುರುಗುಟ್ಟಿತು. ಬೀಗದಕೈಗಳ ನಡುವೆ ದಾವೋರಿನ್‌ನ ಫೋನು ನಡುಗುತ್ತಿತ್ತು; ಅದರ ಮೇಲೆ ಹಲ್ಲು ಬಿದ್ದ ಹುಡುಗಿಯ ನಗುಮುಖ. ನಿಂತಿತು. ಮತ್ತೆ ಶುರುವಾಯಿತು. ಒಳಗಿನ ಪಂಪಿನ ಸದ್ದಿನಲ್ಲಿ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ. ಒಳಗಿದ್ದವರಿಗೆ ಇದು ಎಂದೂ ಕೇಳಿಸಿರಲಿಲ್ಲ. ತನ್ನ ಫೋನೂ ಇಲ್ಲಿ ಹೀಗೇ ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗಿರಬೇಕು ಎಂದು ಹೆಡ್ವಿಗ್‌ಗೆ ಹೊಳೆಯಿತು.

“ದಾವೋರಿನ್! ಎದ್ದು ಬಾ,” ಎಂದು ಪಂಪಿನ ಸದ್ದು ಮೀರಿ ಕೂಗಿದಳು.

ಅವನು ತಿರುಗಿ ನೋಡಿ ಹಿಗ್ಗಿದ. “ಬಂದ್ರಾ! ಅಯಾನುಗಳು ಇನ್ನೂ ಸಾಲಿಗೆ ಬಂದಿಲ್ಲ, ಫ್ರಾವ್ ಡಾಕ್ಟರ್. ಯಾರಾದ್ರೂ ಕೂತಿರ್ಬೇಕು ಅಂತ ನೀವೇ…”

“ಅವು ಬಂದಾಗ ಬರ್ಲಿ. ನಿನ್ ಮಗಳು ಆಗ್ಲಿಂದ ಕಾಯ್ತಿದಾಳೆ.”

ಫೋನನ್ನು ಹಿಡಿದು ಅವಳು ಕೆಂಪು ಪಟ್ಟಿಯ ಅಂಚಿನವರೆಗೆ ಹೋಗಿ ನಿಂತಳು. ದಾವೋರಿನ್ ಪರದೆ ನೋಡಿದ, ಅವಳ ಮುಖ ನೋಡಿದ, ಸ್ಟೂಲು ಬಿಟ್ಟು ಎದ್ದ. ಅವನು ಹೊರಬಂದು ತೆಗೆದುಕೊಳ್ಳುವವರೆಗೂ ಫೋನು ಅವಳ ಅಂಗೈಯಲ್ಲಿ ನಡುಗುತ್ತಲೇ ಇತ್ತು.