ಬಿನ್, ಕೋಂ, ಲೇಟ್

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಜಗಳ ಶುರುವಾಗದಿದ್ದರೆ ಒಲೆಯ ಮುಂದೆ ನನಗೆ ಕೈಯೇ ಓಡುತ್ತಿರಲಿಲ್ಲ. ಜಗಳವೆಂದರೆ ಮನಸ್ಸು ಮುರಿಯುವಂಥದ್ದಲ್ಲ. ನಮ್ಮನೆಯವರಿಗೂ ನನ್ನ ತಮ್ಮನಿಗೂ ಕಂಪ್ಯೂಟರಿನ ವಿಷಯದಲ್ಲಿ ನಡೆಯುತ್ತಿದ್ದ ಜಗಳ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಚಿತ್ರದುರ್ಗದಲ್ಲಿ ನಮ್ಮದು ಎರಡು ಕೋಣೆಯ ಮನೆ. ನಮ್ಮನೆಯವರು ಹಗಲು ಒಂದು ಕಚೇರಿಯಲ್ಲಿ ಗುಮಾಸ್ತರು. ಉಳಿದ ಹೊತ್ತಿನಲ್ಲಿ ಸಹಕಾರ ಸಂಘಗಳಿಗೆ, ಅಡಿಕೆ ಮಂಡಿಗಳಿಗೆ ಪ್ರೋಗ್ರಾಮು ಬರೆದುಕೊಡುತ್ತಿದ್ದರು. ಪುಸ್ತಕ ಓದಿಯೇ ಕಲಿತದ್ದು. ತಮ್ಮ ಹಿರಿಯೂರಿನಲ್ಲಿ ಹುಡುಗರಿಗೆ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂತ ಉಳಿದವನು ಅವನೊಬ್ಬನೇ. ಭಾನುವಾರದ ಮೊದಲ ಬಸ್ಸಿಗೆ ಬರುತ್ತಿದ್ದ. ಕಂಕುಳಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೊಂಡ ಇಂಗ್ಲಿಷ್ ಕಂಪ್ಯೂಟರ್ ಮಾಸಪತ್ರಿಕೆ, ಕೈಯಲ್ಲಿ ನನಗೊಂದು ಮೊಳ ಹೂವು.

ನಮ್ಮನೆಯವರದು ಫಾಕ್ಸ್‌ಪ್ರೊ. ಅವನದು ವಿಬಿ. ಅವು ಏನೆಂದು ನನಗೆ ಪೂರ್ತಿ ಗೊತ್ತಿಲ್ಲ, ಪ್ರೋಗ್ರಾಮು ಬರೆಯುವ ಎರಡು ಬಗೆಯ ಸಾಮಾನು ಎಂದಷ್ಟೇ ತಿಳಿದಿದ್ದೆ. ಒಂದರಲ್ಲಿ ಎಲ್ಲವನ್ನೂ ಕೀಲಿಮಣೆಯಲ್ಲಿ ಹೊಡೆಯಬೇಕು, ಇನ್ನೊಂದರಲ್ಲಿ ಪರದೆಯ ಮೇಲೆ ಗುಂಡಿಗಳನ್ನು ಇಟ್ಟು ಮೌಸಿನಿಂದ ಒತ್ತಬೇಕು.

"ಭಾವ, ನಿಮ್ ಫಾಕ್ಸು ಮುದಿ ನರಿ ಆಗೈತೆ. ಹಲ್ಲೆಲ್ಲ ಉದುರ್ಯಾವೆ. ಈ ಸಲದ ಪುಸ್ತಕದಾಗೆ ಬರ್ದಾರೆ ನೋಡ್ರಿ."

"ಮುದಿ ನರಿಗೆ ದಾರಿ ಗೊತ್ತಿರ್ತೈತೆ ಕಣಲೇ ಭಾಮೈದ. ಪರದೆ ತುಂಬ ಬಟನ್ ಇಡೋದೇ ಕೆಲ್ಸ ಆಗಿದ್ರೆ ನೀನು ಟೈಲರ್ ಆಗ್ಬೇಕಿತ್ತು."

"ಬಟನ್ ಇದ್ರೆ ಸಂಘದ ಸೆಕ್ರೆಟರಿನೂ ಒತ್ತುತಾನೆ. ನಿಮ್ದು ನಡೀಬೇಕು ಅಂದ್ರೆ ನೀವೇ ಹೋಗ್ಬೇಕು."

"ಕರೆಂಟು ಹೋಗಿ ಬಂದ್ರೆ ನಿಂದು ಮೈಮುರ್ಕೊಂಡು ಏಳೋ ಹೊತ್ಗೆ ನಂದು ಅರ್ಧ ಲಿಸ್ಟ್ ಪ್ರಿಂಟ್ ಮಾಡಿರ್ತೈತೆ. ಹೋಗಲೇ!"

ಇಬ್ಬರೂ ಸಾಕ್ಷಿಗೆ ನನ್ನನ್ನೇ ಕರೆಯುತ್ತಿದ್ದರು. ನಾನು ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ತಟ್ಟೆಗೆ ಹಾಕಿ ಇಟ್ಟು, "ದೇವರಿಗೆ ಮಂಗಳಾರತಿ ಆಗೋವರೆಗಾದ್ರೂ ಸುಮ್ನಿರ್ರಿ" ಅಂದರೆ ಸರಿಯಾಗಿ ಮಂಗಳಾರತಿಯಷ್ಟು ಹೊತ್ತು ಸುಮ್ಮನಿರುತ್ತಿದ್ದರು. ತೀರ್ಥ ತಗೊಂಡ ಕೈ ತಲೆಗೆ ಸವರಿಕೊಳ್ಳುವಾಗಲೇ ಮತ್ತೆ ಶುರು.

ಎರಡು ಸಾವಿರ ಇಸವಿ ಬರುತ್ತದೆ, ಕಂಪ್ಯೂಟರುಗಳಿಗೆಲ್ಲ ತಲೆ ಕೆಡುತ್ತದೆ ಎಂಬ ಸುದ್ದಿ ಆಗ. ಇಸವಿಯ ಕೊನೆಯ ಎರಡಂಕಿ ಮಾತ್ರ ಬರೆದುಕೊಂಡಿರುವುದರಿಂದ ಹೊಸ ಕಾಲ ಯಾವುದು, ಹಳೇ ಕಾಲ ಯಾವುದು ಎಂದು ಅದಕ್ಕೆ ಗೊತ್ತಾಗುವುದಿಲ್ಲವಂತೆ. ಇಬ್ಬರೂ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ನಾನು ಸೊಪ್ಪು ಬಿಡಿಸುತ್ತಾ ಅಂದೆ: "ನಮ್ ಪಂಚಾಂಗದಾಗೂ ಅರವತ್ತು ವರ್ಷಕ್ಕೆ ಅದೇ ಸಂವತ್ಸರದ ಹೆಸ್ರು ತಿರುಗಿ ಬರ್ತೈತೆ. ಯಾವ ಭಟ್ರಿಗೆ ತಲೆ ಕೆಟ್ಟೈತೆ?" ಇಬ್ಬರೂ ಒಟ್ಟಿಗೆ ಬಿದ್ದು ಬಿದ್ದು ನಕ್ಕರು. ಅವರಿಬ್ಬರೂ ಒಂದೇ ಕಡೆ ನಿಂತದ್ದು ನಾನು ನೋಡಿದ್ದು ಅವತ್ತೊಂದೇ ದಿನ. ಆ ನಗು ನನ್ನ ಲೆಕ್ಕದಲ್ಲಿ ದೇವರು ಕೊಟ್ಟದ್ದರಲ್ಲಿ ಒಂದು.

ಹೊಸ ಇಸವಿ ಬಂತು, ಏನೂ ಆಗಲಿಲ್ಲ. ಆದದ್ದು ಆಮೇಲೆ.

ಹೊಳಲ್ಕೆರೆ ಕಡೆಯ ಒಂದು ಸಣ್ಣ ಸಂಘಕ್ಕೆ ಸದಸ್ಯರ ಪಟ್ಟಿಯನ್ನು ನಮ್ಮನೆಯವರೇ ಹಿಂದೆ ಫಾಕ್ಸ್‌ಪ್ರೊದಲ್ಲಿ ಮಾಡಿಕೊಟ್ಟಿದ್ದರು. ಅದರಲ್ಲಿ ಹೆಸರುಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ. ವಾರ್ಷಿಕ ಸಭೆಯ ಆಹ್ವಾನ ಸದಸ್ಯರಿಗೆ ಇಂಗ್ಲಿಷಿನಲ್ಲಿ ಹೋಗುತ್ತಿತ್ತು; ಹಳ್ಳಿಯಲ್ಲಿ ಓದುವವರಿಲ್ಲ. ತಮ್ಮ ಹಟ ಹಿಡಿದ. "ಭಾವ, ನಮ್ ಜನಕ್ಕೆ ಕಾಗ್ದ ಕನ್ನಡದಾಗೆ ಹೋಗ್ಬೇಕು. ತಮ್ ಹೆಸ್ರು ತಾವು ಓದ್ಕಳ್ಳಲಿ. ನಿಮ್ ಲಿಸ್ಟು ಕೊಡ್ರಿ, ನಾನು ವಿಬಿನಾಗೆ ಮಾಡಿಕೊಡ್ತೀನಿ." ಮಾತು ಧರ್ಮದ್ದಾಗಿತ್ತು. ನಮ್ಮನೆಯವರು ಒಂದು ವಾರ ಗೊಣಗಿ, ಕೊನೆಗೆ ಪಟ್ಟಿಯ ಫ್ಲಾಪಿಯನ್ನು ಅವನ ಕೈಗೆ ಹಾಕಿದರು. "ತಗೊಳಪ್ಪ. ಕೆಡಿಸಿದ್ರೆ ಕಿವಿ ಹಿಂಡ್ತೀನಿ" ಅಂದರು. ಆಗಲೂ ನಗುತ್ತಲೇ.

ನಮ್ಮ ಕಡೆ ಕಾಗದಪತ್ರದಲ್ಲಿ ಗಂಡಸಿನ ಹೆಸರು ಬರೆದು 'ಬಿನ್' ಎಂದು ಹಾಕಿ ಅಪ್ಪನ ಹೆಸರು ಬರೆಯುವುದು ರೂಢಿ. ಹೆಂಗಸಾದರೆ 'ಕೋಂ' ಎಂದು ಹಾಕಿ ಗಂಡನ ಹೆಸರು. ಆ ಅಪ್ಪನೋ ಗಂಡನೋ ತೀರಿಕೊಂಡಿದ್ದರೆ ಅವರ ಹೆಸರಿಗೆ ಮೊದಲು 'ಲೇಟ್' ಎಂದು ಸೇರಿಸುತ್ತಾರೆ. ಇಂಥವನು, ಬಿನ್ ಲೇಟ್ ಇಂಥವನು. ನಮ್ಮನೆಯವರು ಇದನ್ನೆಲ್ಲ ಒಂದೇ ಕಾಲಮ್ಮಿನಲ್ಲಿ ಸಾಲಾಗಿ ತುಂಬಿಸಿದ್ದರು. ತಮ್ಮ ಅದನ್ನು ಬಿಡಿಸಿ ಮಗನ ಹೆಸರು ಬೇರೆ, ಅಪ್ಪನ ಹೆಸರು ಬೇರೆ ಮಾಡಿದ. ಹೆಸರಿಗೆ ಮೊದಲು 'ಶ್ರೀ', 'ಶ್ರೀಮತಿ' ಎಂದು ಬರಲು ಒಂದು ಸಣ್ಣ ಕಾಲಮ್ ಇಟ್ಟ. ಅವನ ಪ್ರೋಗ್ರಾಮು 'ಲೇಟ್' ಅನ್ನೂ ಅಂಥದ್ದೇ ಒಂದು ಗೌರವದ ಮಾತೆಂದು ತಿಳಿದು, ಎತ್ತಿಕೊಂಡು ಹೋಗಿ ಆ ಕಾಲಮ್ಮಿಗೇ ಹಾಕಿತು.

ಮೊದಲ ಹಾಳೆ ಪ್ರಿಂಟಾಗಿ ಬಂದಾಗ ತಮ್ಮ ಅದನ್ನು ಅಡುಗೆಮನೆಗೆ ತಂದು, "ಅಕ್ಕ, ಕನ್ನಡ ತಪ್ಪಿದ್ರೆ ನೋಡು" ಅಂದ. ನಮ್ಮನೆಯವರು ಅವತ್ತು ಕಚೇರಿಯ ಕೆಲಸಕ್ಕೆ ಹೊಸದುರ್ಗಕ್ಕೆ ಹೋಗಿದ್ದರು. ನಾನು ಕೈ ಒರೆಸಿಕೊಂಡು ಒಂದೊಂದೇ ಹೆಸರು ಓದಿದೆ. ಕೆಲವಕ್ಕೆ 'ಶ್ರೀ' ಇತ್ತು, ಕೆಲವಕ್ಕೆ 'ಲೇಟ್' ಇತ್ತು. ನೋಡಿದೆ. ನೋಡಿಯೂ, ಇವರೆಲ್ಲ ಫಾರಮ್ಮು ಲೇಟಾಗಿ ಕೊಟ್ಟವರಿರಬೇಕು ಅಂದುಕೊಂಡೆ. ದಿನಾ ಬಸ್ಸು ಲೇಟು, ಗ್ಯಾಸು ಲೇಟು ಎನ್ನುವ ಬಾಯಿಗೆ ಬೇರೆ ಅರ್ಥ ಹೊಳೆಯಲಿಲ್ಲ. ಎರಡು ಕಡೆ ಒತ್ತಕ್ಷರ ಬಿಟ್ಟುಹೋಗಿದ್ದನ್ನು ತೋರಿಸಿ ಹಾಳೆ ವಾಪಸು ಕೊಟ್ಟೆ. "ಚೆನ್ನಾಗೈತಪ್ಪ, ಮುತ್ತಿನಂಗೈತೆ" ಎಂದೂ ಅಂದೆ.

ಅಪ್ಪನೋ ಗಂಡನೋ ತೀರಿಕೊಂಡಿದ್ದ ಸದಸ್ಯರಿಗೆಲ್ಲ ಸಭೆಯ ಕಾಗದ ಅವರೇ ತೀರಿಕೊಂಡವರಂತೆ ಹೋಯಿತು. 'ಲೇಟ್' ಇಂಥವರಿಗೆ, ತಾವು ದಯಮಾಡಿ ಸಭೆಗೆ ಬರಬೇಕು ಎಂದು. ಇಂಗ್ಲಿಷಿನಲ್ಲಿದ್ದಿದ್ದರೆ ಯಾರೂ ಓದುತ್ತಿರಲಿಲ್ಲ. ಕನ್ನಡದಲ್ಲಿತ್ತು, ಎಲ್ಲರೂ ಓದಿದರು.

ಮೊದಲು ಬಂದವರು ಒಬ್ಬ ಮುದುಕರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಆ ಲಕೋಟೆ. ಸಂಘದಲ್ಲಿ ನಮ್ಮ ಮನೆ ಗುರುತು ಕೇಳಿಕೊಂಡು ಬಂದಿದ್ದರು. ಬಾಗಿಲಲ್ಲೇ ನಿಂತು, "ಸತ್ತೋನು ಬಂದೀನಿ ಕಣಮ್ಮ, ಒಂದ್ ಚೊಂಬು ನೀರು ಕೊಡ್ರಿ" ಅಂದರು. ನಾನು ಹೆದರಿ, "ಒಳಗೆ ಬರ್ರಿ, ಕುಂತ್ಕಳ್ರಿ" ಅಂದೆ. ನೀರು ಕುಡಿದು ಮೀಸೆ ಒರೆಸಿಕೊಂಡು ನಮ್ಮನೆಯವರಿಗೆ ಹೇಳಿದರು: "ನನ್ ಸೊಸೆ ಓದಿ ಹೇಳಿದ್ಲು ಸ್ವಾಮಿ. ಸತ್ತೋರಿಗೂ ಸಭೆ ಮಾಡ್ತೀರಲ್ಲ, ಊಟಾನೂ ಐತೇನು?" ತಮಾಷೆಯ ಮನುಷ್ಯರು. ನಮ್ಮನೆಯವರು ಎದ್ದು ಕೈ ಮುಗಿದರು. ಮುದುಕರು ನಕ್ಕು, ಅಡಿಕೆ ಹಾಕಿಕೊಂಡು ಹೋದರು. ಅಷ್ಟಕ್ಕೇ ಮುಗಿಯಲಿ ದೇವರೇ ಎಂದು ನಾನು ತುಪ್ಪದ ದೀಪ ಹಚ್ಚಿದೆ.

ಮುಗಿಯಲಿಲ್ಲ. ಒಂದು ಕಾಗದ ಜಡ್ಡು ಬಿದ್ದವರ ಮನೆಗೆ ಹೋಗಿತ್ತು. ಮೊದಲೇ ಹಾಸಿಗೆ ಹಿಡಿದಿದ್ದ ಮನುಷ್ಯ. ಕಾಗದ ಬಂದು ಹದಿನೈದು ದಿನ ಆಗಿರಲಿಲ್ಲ, ಹೋಗಿಬಿಟ್ಟರು. ಸುದ್ದಿ ತಿಳಿದು ನಮ್ಮನೆಯವರು ಬಸ್ಸು ಹಿಡಿದು ಆ ಮನೆಗೆ ಹೋದರು. ಹೋಗಬೇಡಿರಿ, ಹೊಡೆದಾರು ಎಂದೆ. ಹೊಡೆಯಲಿಲ್ಲವಂತೆ. ತೀರಿಕೊಂಡವರ ಹೆಂಡತಿ ಲಕೋಟೆಯನ್ನು ಗೋಡೆಯ ಗೂಡಿನಿಂದ ತೆಗೆದು ಇವರ ಕೈಗೆ ಕೊಟ್ಟು, "ಇದು ಬಂದಾಗ್ಲೇ ನಮ್ಮೋರು ಹೋದ್ರು ಬಿಡ್ರಿ" ಅಂದರಂತೆ. ಅಷ್ಟೇ. ಇವರು ಮನೆಗೆ ಬಂದು ಕಾಲು ತೊಳೆದುಕೊಂಡು, ಊಟ ಬೇಡವೆಂದು ಮಲಗಿಬಿಟ್ಟರು.

ಮುಂದಿನ ಭಾನುವಾರ ತಮ್ಮ ಬಂದ. ಹೂವು ತಂದಿದ್ದ, ಪತ್ರಿಕೆ ತಂದಿರಲಿಲ್ಲ.

"ಬಿನ್ ಅಂದ್ರೆ ಏನು, ಲೇಟ್ ಅಂದ್ರೆ ಏನು, ನಿನ್ ವಿಬಿಗೆ ಹೇಳಿಕೊಟ್ಟಿರ್ಲಿಲ್ವೇನಲೇ?" ಇವರು ಕೇಳಿದರು.

"ಹೆಸ್ರು, ಅಪ್ಪನ ಹೆಸ್ರು, ಸತ್ತೋರು, ಇದ್ದೋರು ಎಲ್ಲಾರ್ನೂ ಒಂದೇ ಕಾಲಮ್‌ನಾಗೆ ತುರುಕಿದ್ದು ಯಾರು ಭಾವ? ಅದು ನಿಮ್ ಫಾಕ್ಸ್‌ಪ್ರೊ ಲಿಸ್ಟು."

"ಮನುಷ್ಯ ಹೋದ ಕಣೋ."

"ಜಡ್ಡಾಗಿ ಹೋದ್ರು. ನನ್ ಪ್ರೋಗ್ರಾಮಿನಿಂದ ಹೋದ್ರಾ? ನೀವೂ ಹಂಗೇ ಅಂತೀರಾ?"

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಆ ಹಾಳೆಯನ್ನು ನಾನು ನೋಡಿದ್ದೆ ಎಂಬ ಮಾತು ಗಂಟಲಿಗೆ ಬಂದಿತ್ತು. ತಮ್ಮ ನನ್ನ ಮುಖ ಒಂದು ಸಲ ನೋಡಿದ. ಅಕ್ಕನೂ ನೋಡಿದ್ದಳು ಎಂದು ಅವನು ಹೇಳಬಹುದಿತ್ತು, ಹೇಳಲಿಲ್ಲ. ನಾನೂ ಹೇಳಲಿಲ್ಲ. ದಿನಾ ದೇವರ ಮುಂದೆ ಕೂರುವವಳು ಅಲ್ಲಿ ಬಾಯಿ ಬಿಡಲಿಲ್ಲ.

ಇವರು, "ಆಯ್ತಪ್ಪ, ನಿಂದೇ ಸರಿ" ಅಂದರು.

ಅದಕ್ಕಿಂತ ಕೆಟ್ಟ ಮಾತನ್ನು ನಾನು ಅವರ ಬಾಯಲ್ಲಿ ಕೇಳಿಲ್ಲ. ಆಮೇಲೆ ಎರಡು ಭಾನುವಾರ ತಮ್ಮ ಬಂದ. ಬೇಕೆಂತಲೇ ಕೆಣಕಿದ. ಫಾಕ್ಸ್‌ಪ್ರೊದ ಕಾಲ ಮುಗಿಯಿತಂತೆ ಅಂದ. "ಇರಬೌದಪ್ಪ." ವಿಬಿಯಲ್ಲೂ ಹೊಸದು ಬಂದಿದೆಯಂತೆ ಅಂದ. "ಒಳ್ಳೇದಪ್ಪ." ಬೈಯಲಿಲ್ಲ, ಲೇ ಎನ್ನಲಿಲ್ಲ, ಭಾಮೈದ ಎನ್ನಲಿಲ್ಲ. ಬೋಂಡಾ ತಟ್ಟೆಯಲ್ಲೇ ಆರಿತು. ಮೂರನೆಯ ಭಾನುವಾರ ತಮ್ಮ ಬರಲಿಲ್ಲ. ಒಂದೂವರೆ ಗಂಟೆಯ ದಾರಿ ಹಿರಿಯೂರು. ಅಷ್ಟು ಹತ್ತಿರದ ತವರು ದೂರವಾಗುವುದಕ್ಕೆ ಜಗಳ ಬೇಕಾಗಲಿಲ್ಲ, ಜಗಳ ನಿಂತರೆ ಸಾಕಾಯಿತು.

ನಮ್ಮನೆಯವರು ಪ್ರೋಗ್ರಾಮು ಬರೆಯುವುದನ್ನೂ ನಿಲ್ಲಿಸಿದರು. ಕಂಪ್ಯೂಟರಿಗೆ ನಾನೇ ಹೊಲಿದ ಬಟ್ಟೆಯ ಹೊದಿಕೆ; ಆಯುಧಪೂಜೆಗೆ ಒಂದು ದಿನ ತೆಗೆದು ಕುಂಕುಮ ಹಚ್ಚಿ ಮತ್ತೆ ಮುಚ್ಚುತ್ತಿದ್ದೆ. ಹೆಣ್ಣುಮಕ್ಕಳು ಮನೆಯ ಜಗಳ ನಿಲ್ಲಲಿ ಎಂದು ಹರಕೆ ಹೊರುತ್ತಾರೆ. ನಾನು ಐದು ವರ್ಷ ಪ್ರತಿ ಸೋಮವಾರ ಒಪ್ಪೊತ್ತು ಮಾಡಿ, ಜಗಳ ಶುರುವಾಗಲಿ ಎಂದು ಬೇಡಿಕೊಂಡೆ. ದೇವರಿಗೂ ವಿಚಿತ್ರ ಅನ್ನಿಸಿರಬೇಕು. ಗೌರಿ ಹಬ್ಬಕ್ಕೆ ತಮ್ಮನಿಂದ ಬಾಗಿನ ಬಸ್ಸಿನಲ್ಲಿ ಬಂದು ಸೇರುತ್ತಿತ್ತು, ಅವನು ಬರುತ್ತಿರಲಿಲ್ಲ. ಬಾಗಿನವಾದರೂ ತಪ್ಪಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಇವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಜೊತೆಗೆ ಮಾತು. ಬಿದ್ದದ್ದು ಹಾಸಿದ ಚಾಪೆಯ ಮೇಲೆ, ತಲೆಗೆ ಪೆಟ್ಟಾಗಲಿಲ್ಲ. ಅದೂ ಒಂದು ಪುಣ್ಯ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಭಾನುವಾರ ಬಾಗಿಲು ಸಪ್ಪಳವಾಯಿತು. ತಮ್ಮ ನಿಂತಿದ್ದ. ಮುಂದಲೆಯಲ್ಲಿ ಕೂದಲು ಬೆಳ್ಳಗಾಗಿತ್ತು. ಕಂಕುಳಲ್ಲಿ ಪತ್ರಿಕೆ.

"ಲೇಟಾತು ಅಕ್ಕ" ಅಂದ. ಅಂದವನೇ ತುಟಿ ಕಚ್ಚಿಕೊಂಡ.

ಮಂಚದ ಪಕ್ಕ ಕೂತ. ಇವರು ಕಣ್ಣು ತೆರೆದು ನೋಡುತ್ತಿದ್ದರು. ನಾನು ಆಗ ಹೇಳಿದೆ. ಐದು ವರ್ಷ ಸಾಕಾಗಿತ್ತು. "ರೀ, ಆ ಹಾಳೆ ಪ್ರಿಂಟಾದ ದಿನ ಇವನು ನಂಗೆ ತೋರಿಸಿದ್ದ. ಲೇಟ್ ಅಂತ ಇದ್ದದ್ದು ನಾನು ನೋಡಿದ್ದೆ. ಫಾರಮ್ಮು ಲೇಟಾಗಿ ಕೊಟ್ಟೋರು ಅಂದ್ಕಂಡೆ. ಇವನು ನನ್ ಹೆಸ್ರು ಹೇಳ್ಲಿಲ್ಲ, ನಾನೂ ಬಾಯಿ ಬಿಡ್ಲಿಲ್ಲ." ಇವರ ಬಲಗಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅದು ಕಾಯಿಲೆಯ ನೀರೋ, ನನ್ನ ಮಾತಿಗೆ ಬಂದದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಕ್ಷಮಿಸಿದರು ಎಂದು ನಾನು ಹೇಳುವಂತಿಲ್ಲ.

ತಮ್ಮ ಮೂಗೊರೆಸಿಕೊಂಡು ಪತ್ರಿಕೆ ಬಿಚ್ಚಿದ. "ಭಾವ, ಕೇಳ್ರಿ ಇಲ್ಲಿ. ನಿಮ್ ಮುದಿ ನರಿ ಇನ್ ಮುಂದೆ ಬರಲ್ಲಂತೆ. ಆ ಪ್ರೋಗ್ರಾಮೆಲ್ಲ ತಿಪ್ಪೆಗೆ ಹಾಕ್ಬೇಕಂತೆ. ನಾನು ಅವತ್ತೇ ಹೇಳಿರ್ಲಿಲ್ವಾ, ನಂದೇ ಸರಿ ಅಂತ?"

ಇವರು ಎಡಗೈ ಎತ್ತಿ ಮಂಚದ ಪಟ್ಟಿಗೆ ಬಡಿದರು. ಬಾಯಿ ಸೊಟ್ಟಗಾಯಿತು. ಬಹಳ ಕಷ್ಟಪಟ್ಟು ಒಂದು ಶಬ್ದ ಬಂತು.

"ಲೇ..."

ಅಷ್ಟೇ ಬಂತು. ತಮ್ಮ ಮುಖ ಮುಚ್ಚಿಕೊಂಡು ಅತ್ತ. ಅತ್ತುಕೊಂಡೇ, "ಬೈರಿ ಭಾವ, ಬೈರಿ" ಅಂದ.

ಆಮೇಲೆ ಇವರು ಇದ್ದದ್ದು ಏಳು ತಿಂಗಳು. ಎಲ್ಲ ಭಾನುವಾರವೂ ತಮ್ಮ ಬಂದ. ತನ್ನ ಕಡೆಯ ಮಾತನ್ನೂ ಅವನೇ ಆಡಿ, ಭಾವನ ಕಡೆಯ ಮಾತನ್ನೂ ಅವನೇ ಆಡುತ್ತಿದ್ದ. ಭಾವನ ಮಾತಿಗೆ ತಾನೇ ಸೋಲುತ್ತಿದ್ದ. ಇವರು ನಡುವೆ ಒಂದೊಂದು ಸಲ "ಲೇ" ಎನ್ನುತ್ತಿದ್ದರು. ಬೇರೆ ಯಾವ ಮಾತೂ ತಿರುಗಿ ಬರಲಿಲ್ಲ, ನನ್ನ ಹೆಸರೂ ಬರಲಿಲ್ಲ.

ತಿಥಿ ಮುಗಿದ ಮೇಲೆ ಪಿಂಚಣಿಗಾಗಿ ಇವರ ಕಚೇರಿಗೆ ಕೊಡಲು ಒಂದು ಅರ್ಜಿ ಬೇಕಾಯಿತು. ತಮ್ಮ ಕಂಪ್ಯೂಟರಿನ ಹೊದಿಕೆ ತೆಗೆದು, ಇವರ ಕುರ್ಚಿಯಲ್ಲಿ ಕೂತು ಕನ್ನಡದಲ್ಲಿ ಹೊಡೆಯತೊಡಗಿದ. ನನ್ನ ಹೆಸರು ಬಂತು. 'ಕೋಂ' ಬಂತು. ಅಲ್ಲಿಗೆ ಅವನ ಕೈ ನಿಂತುಬಿಟ್ಟಿತು. ನಾನು ಹಿಂದೆ ನಿಂತು ನೋಡುತ್ತಿದ್ದೆ. ಪರದೆಯ ಮೇಲೆ ಒಂದು ಸಣ್ಣ ಗೆರೆ ಮಿನುಗುತ್ತಾ ಕಾಯುತ್ತಿತ್ತು.

"ಅಕ್ಕ..." ಅಂದ.

"ಹಾಕಪ್ಪ" ಅಂದೆ. "ಈ ಸಲ ಸರಿಯಾದ ಜಾಗಕ್ಕೇ ಬಂದೈತೆ."