ನೀಲಕ್ಕನ ಕನಕಾಂಬರ

ನೀಲಕ್ಕ ಯಾರ ಮನೆಗೆ ಹೋದರೂ ಮೊದಲು ಮನೆಯವರ ಮುಖ ನೋಡುತ್ತಿರಲಿಲ್ಲ, ಬೇಲಿ ನೋಡುತ್ತಿದ್ದಳು. ಉಳಿದವರೆಲ್ಲ ಅರಳಿದ ಹೂವಿಗೆ ಮನಸೋತರೆ ಇವಳು ಒಣಗಿದ ಹೂವಿಗೆ ಸೋಲುತ್ತಿದ್ದಳು. ಬಾಡಿ ಕಂದಿದ ಚೆಂಡು ಹೂವು, ಕಪ್ಪಗಾದ ಶಂಖಪುಷ್ಪದ ಕಾಯಿ ಕಂಡರೆ ಸಾಕು, ಕೈ ತಾನಾಗಿ ಅತ್ತ ಹೋಗುತ್ತಿತ್ತು. ಕಿತ್ತದ್ದು ಸೆರಗಿನ ತುದಿಗೆ ಗಂಟಾಗುತ್ತಿತ್ತು. ಊರು ಸುತ್ತಿ ಮನೆಗೆ ಮರಳುವ ಹೊತ್ತಿಗೆ ಆ ಸೆರಗು ಗಂಟುಗಳಿಂದಲೇ ಭಾರವಾಗಿ ಜೋತಾಡುತ್ತಿತ್ತು.

ನಾನು ಆಗ ಹೊಸಪೇಟೆಯಿಂದ ಕಂಪ್ಲಿಯ ಶಾಲೆಗೆ ಪಾಠ ಹೇಳಲು ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ನೀಲಕ್ಕನ ತವರು ಕಂಪ್ಲಿ, ಕೊಟ್ಟ ಮನೆ ಪಾಪಿನಾಯಕನಹಳ್ಳಿ. ಗಂಡ ಬೇಗನೇ ತೀರಿಕೊಂಡಿದ್ದ. ಮಗಳು ಮಂಜುಳಾ ಒಬ್ಬಳೇ. ತವರಿಗೆ ಹೊರಟಾಗಲೆಲ್ಲ ನೀಲಕ್ಕ ನಮ್ಮ ಬಸ್ಸಿಗೇ ಬರುತ್ತಿದ್ದಳು. ಒಂದು ದಿನ ನನ್ನ ಪಕ್ಕ ಕುಳಿತವಳು ನನ್ನ ಮುಡಿಯಲ್ಲಿದ್ದ ಹೂವನ್ನು ದಿಟ್ಟಿಸಿ ನೋಡಿ, "ಮಾರ್ಕೆಟ್ಟಿನಾಗ ತಗೊಂಡ್ರೇನ್ರಿ?" ಎಂದಳು. ಹೌದೆಂದೆ.

"ಅದು ಡೆಲ್ಲಿ ಕನಕಾಂಬರ. ನೋಡಾಕ ದೊಡ್ಡದು, ಬೀಜ ಮಾತ್ರ ಕಟ್ಟಂಗಿಲ್ಲ. ತುಂಡು ಮಾಡಿ ಹಚ್ಚಬೇಕು. ಬರ್ರಿ ನಮ್ಮ ಮನಿಗೆ, ನಮ್ಮವ್ವನ ಕನಕಾಂಬರ ಕೊಡ್ತೀನಿ. ಸಣ್ಣದು, ಆದ್ರ ಎರಡು ದಿನ ಮುಡಿದ್ರೂ ಬಣ್ಣ ಬಿಡಂಗಿಲ್ಲ."

ಮುಂದಿನ ಭಾನುವಾರ ಹೋದೆ. ಹಿತ್ತಲೆಂದರೆ ಎರಡು ಮಂಚ ಹಾಕುವಷ್ಟು ಜಾಗ. ಅಷ್ಟರಲ್ಲೇ ಗುಲ್ಬಾಕ್ಷಿ, ಸುತ್ತು ಸುತ್ತಾಗಿ ಅರಳುವ ಹಳೆಯ ಕರ್ಣಕುಂಡಲ, ಬಿಳಿ ಶಂಖಪುಷ್ಪ, ಮೂಲೆಯಲ್ಲಿ ಕೆಂಪು ಛಾಯೆಯ ಕನಕಾಂಬರದ ಸಾಲು. ಹಂಪಿಯಲ್ಲಿ ಚಹಾ ಅಂಗಡಿ ಇಟ್ಟಿದ್ದ ಒಬ್ಬ ಹಿರಿಯರು ಎಣ್ಣೆ ಡಬ್ಬಿಗಳಲ್ಲಿ ಬೆಳೆದ ಕೋಳಿಜುಟ್ಟಿನ ಬೀಜವೂ ಅಲ್ಲಿಗೆ ಬಂದಿತ್ತು. ಬದಲಿಗೆ ಅವರಿಗೆ ಇವಳ ಗುಲ್ಬಾಕ್ಷಿ ಹೋಗಿತ್ತು. ಸಂಡೂರಿನ ಲಾರಿ ಡ್ರೈವರನ ಹೆಂಡತಿ, ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದ ಇಬ್ಬರು ಹೆಂಗಸರು, ಹೀಗೆ ಅವಳ ಬೀಜದ ಬಳಗ ದೊಡ್ಡದು. "ಬೀಜ ಬರೀ ಕೈಲೆ ಇಸ್ಕೋಬಾರ್ದು, ಬರೀ ಕೈಲೆ ಕಳಿಸಬಾರ್ದು," ಅನ್ನುವುದು ಅವಳ ಕಟ್ಟಳೆ. ನಾನು ಏನೂ ತಂದಿರಲಿಲ್ಲ. ಚೀಲದಲ್ಲಿದ್ದ ಪೇರಲ ಹಣ್ಣು ಕೊಟ್ಟೆ. "ಆತು ಬಿಡ್ರಿ, ಇದ್ರಾಗೂ ಬೀಜ ಅದಾವಲ್ಲ," ಎಂದು ನಕ್ಕಳು.

ಆ ದಿನ ಅವಳು ಒಣಗಿದ ಕನಕಾಂಬರದ ತೆನೆಗಳನ್ನು ಪರಾತದಲ್ಲಿ ಹರಡಿ, ನೀರು ಚಿಮುಕಿಸಿ, ಮೇಲೊಂದು ಜರಡಿ ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಒಳಗೆ ಚಟ್ ಚಟ್ ಎಂದು ಕಾಯಿ ಸಿಡಿಯತೊಡಗಿದವು. ಮಂಜುಳಾ ಜರಡಿಗೆ ಕಿವಿಯಿಟ್ಟು, "ಸಾಸಿವಿ ಒಗ್ಗರಣಿ ಹಾಕಿದಂಗ ಆಗತೈತಿ ನೋಡ್ರಿ ಟೀಚರ್," ಎಂದು ನಗುತ್ತಿದ್ದಳು. ಆಗ ಅವಳಿಗೆ ಮದುವೆ ಮಾತು ನಡೆದಿತ್ತು. ಎರಡು ಜಡೆ ಹಾಕಿಕೊಂಡು ಮನೆ ತುಂಬ ಓಡಾಡುವ ಹುಡುಗಿ.

ನೀಲಕ್ಕನ ಹುಚ್ಚು ಎಲ್ಲರಿಗೂ ಗೊತ್ತಿತ್ತು. ಒಮ್ಮೆ ಕಂಪ್ಲಿಯಲ್ಲಿ ಅವಳ ಅಣ್ಣನ ಮಗನ ಲಗ್ನ. ಅಕ್ಷತೆ ಹಾಕುವ ಹೊತ್ತಿಗೆ ಸೋದರತ್ತೆಯೇ ಕಾಣೆ. ಹುಡುಕಿದರೆ ಕಲ್ಯಾಣ ಮಂಟಪದ ಹಿಂದೆ, ಪಾತ್ರೆ ತೊಳೆಯುವ ಜಾಗದಲ್ಲಿ, ರೇಷ್ಮೆ ಸೀರೆ ಮೇಲಕ್ಕೆ ಸಿಕ್ಕಿಸಿಕೊಂಡು ಕರ್ಣಕುಂಡಲದ ಕಾಯಿ ಬಿಡಿಸುತ್ತಿದ್ದಾಳೆ. ಅಣ್ಣ ರೇಗಿದ. ಇವಳು ತಲೆ ಎತ್ತದೆ, "ಲಗ್ನ ನಾ ಬರ್ಲಿಲ್ಲಂದ್ರೂ ಆಗತೈತಣ್ಣ. ಈ ಕಾಯಿ ಸಂಜಿಗೆ ಒಡ್ದು ಮಣ್ಣಾಗ ಬೀಳ್ತಾವ," ಎಂದಳಂತೆ.

ಮಂಜುಳಾಳನ್ನು ಯಶವಂತನಗರಕ್ಕೆ ಕೊಟ್ಟರು. ಅಳಿಯ ಕುಮಾರ ಗಣಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ಕಡಿಮೆ ಮಾತಿನವನು. ಮಗಳ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅರಿಶಿನದ ಕೊಂಬಿನ ಜೊತೆ ನೀಲಕ್ಕ ಕನಕಾಂಬರದ ಬೀಜವನ್ನೂ ಹಾಕಿದಳು. ಅವಳ ತಾಯಿ ಅವಳಿಗೆ ಹಾಗೆಯೇ ಕಳಿಸಿದ್ದಂತೆ. ಆದರೂ ಅವಳಿಗೆ ಅನುಮಾನ. "ಆ ಗಣಿಯ ಕೆಂಪು ಧೂಳಿನಾಗ ಎಲಿ ಮುಚ್ಚಿ ಹೋಗತಾವ ಟೀಚರಮ್ಮ, ಗಿಡ ಹೆಂಗ ಉಸಿರಾಡ್ಬೇಕು?" ಮಂಜುಳಾ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುತ್ತಿದ್ದಳು. ಮೊದಲ ಹೂವು ಬಿಟ್ಟಾಗ ಫೋನಿನಲ್ಲಿ ಫೋಟೋ ಕಳಿಸಿದಳು. ನೀಲಕ್ಕ ಆ ಫೋಟೋವನ್ನು ಬಸ್ಸಿನ ಕಂಡಕ್ಟರನಿಗೂ ತೋರಿಸಿದ್ದಳು.

ಮದುವೆಯಾದ ಎರಡನೇ ಮಳೆಗಾಲದಲ್ಲಿ ಮಂಜುಳಾಳಿಗೆ ಡೆಂಗಿ ಜ್ವರ ಬಂತು. ಮೊದಲು ಸಾಧಾರಣ ಜ್ವರವೆಂದುಕೊಂಡರು. ಆಸ್ಪತ್ರೆಗೆ ಸೇರಿಸಿದ ವಾರದೊಳಗೆ ಹೋಗಿಬಿಟ್ಟಳು.

ಕೆಲವು ದಿನ ಬಿಟ್ಟು ನಾನು ಪಾಪಿನಾಯಕನಹಳ್ಳಿಗೆ ಹೋದೆ. ನೀಲಕ್ಕ ಗೋಡೆಗೆ ಒರಗಿ ಕುಳಿತಿದ್ದಳು. ಸಂಡೂರಿನ ಗೆಳತಿ, ಕಂಪ್ಲಿಯ ಹೆಂಗಸರು ಬಂದು ಹೋಗಿದ್ದರು. ಪಾಪ, ಅವರಿಗೆ ಗೊತ್ತಿದ್ದ ಸಮಾಧಾನ ಒಂದೇ, ಪ್ರತಿಯೊಬ್ಬರೂ ಏನಾದರೊಂದು ಬೀಜ ತಂದಿದ್ದರು. ಪೊಟ್ಟಣಗಳು ಬಾಗಿಲ ಪಕ್ಕದಲ್ಲಿ ಹಾಗೇ ಬಿದ್ದಿದ್ದವು. ನಾನೂ ತಂದಿದ್ದೆ, ಆದರೆ ಚೀಲದಿಂದ ಹೊರಗೆ ತೆಗೆಯಲಾಗಲಿಲ್ಲ.

"ಯಾರಿಗೆ ಹಚ್ಚಲಿ?" ಎಂದಳು. "ಮುಡಿಯಾಕಿನೇ ಹೋದ್ಲಲ್ಲ."

ಆ ಬೇಸಿಗೆಯಲ್ಲಿ ಹಿತ್ತಲು ಪೂರ್ತಿ ಒಣಗಿತು. ಕನಕಾಂಬರದ ಒಂದು ಬೇರೂ ಉಳಿಯಲಿಲ್ಲ. ನೀಲಕ್ಕ ಬಸ್ಸು ಹತ್ತುವುದನ್ನೇ ಬಿಟ್ಟಳು.

ಕುಮಾರ ಮತ್ತೆ ಮದುವೆಯಾಗುವ ಮೊದಲು ತಾನೇ ಬಂದು ಅವಳ ಕಾಲು ಮುಟ್ಟಿ ಕೇಳಿದ. "ಹರೇದ ಹುಡುಗ, ಒಬ್ಬನ ಹೆಂಗಿರ್ತಿ? ಆಗಪ್ಪ," ಎಂದು ಹರಸಿ ಕಳಿಸಿದಳು. ಅವನ ಮದುವೆಯಾಗಿ ಕೆಲವು ತಿಂಗಳ ಮೇಲೆ ನೀಲಕ್ಕ ನನಗೆ ಫೋನ್ ಮಾಡಿದಳು.

"ಟೀಚರಮ್ಮ, ನನ್ನ ಜೊತಿ ಯಶವಂತನಗರಕ್ಕ ಬರ್ತೀರೇನು? ಬ್ಯಾರೆ ಹೆಂಗ್ಸಿನ ಅಂಗಳದಾಗ ನನ್ನ ಮಗಳ ಗಿಡ ಯಾಕಿರಬೇಕು? ಕಿತ್ಕೊಂಡು ಬರ್ತೀನಿ."

ಹೊರಟೆವು. ಅವಳ ಚೀಲದಲ್ಲಿ ಕಳೆ ಕೀಳುವ ಕುರ್ಪಿ, ಬೇರು ಸುತ್ತಲು ಒದ್ದೆ ಗೋಣಿಚೀಲ. ಸಂಡೂರಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆವು.

ಮನೆ ಮುಂದೆ ಒಬ್ಬ ಸಣಕಲು ಹುಡುಗಿ ಕುಕ್ಕರುಗಾಲಿನಲ್ಲಿ ಕುಳಿತು ಕನಕಾಂಬರದ ಎಲೆ ಒರೆಸುತ್ತಿದ್ದಳು. ರೇಣುಕಾ, ಕುಮಾರನ ಹೊಸ ಹೆಂಡತಿ. ಬಂದವರು ಯಾರೆಂದು ತಿಳಿದದ್ದೇ ಬಟ್ಟೆ ಕೆಳಗಿಟ್ಟು ತಪ್ಪು ಮಾಡಿದವಳಂತೆ ನಿಂತಳು.

"ಒಳಗ ಬರ್ರಿ ಅಮ್ಮ. ದಿನಾ ನೀರು ಹಾಕ್ತೀನ್ರಿ. ಒಂದು ಗಿಡಾನೂ ಸಾಯಾಕ ಬಿಟ್ಟಿಲ್ಲ," ಎಂದಳು, ಯಾರೂ ಕೇಳದಿದ್ದರೂ.

ಒಳಗೆ ಮಂಜುಳಾಳ ಫೋಟೋ. ಅದಕ್ಕೆ ಅಂದೇ ಕಟ್ಟಿದ ಕನಕಾಂಬರದ ಮಾಲೆ. ರೇಣುಕಾಳ ಮುಡಿ ಬರಿದು.

"ನೀ ಯಾಕ ಮುಡ್ದಿಲ್ಲ?" ನೀಲಕ್ಕನ ದನಿ ಗಡುಸಾಗಿತ್ತು.

"ಅವು ಅಕ್ಕನವು ಅಲ್ಲೇನ್ರಿ ಅಮ್ಮ. ನಾ ಹೆಂಗ ಮುಡೀಲಿ?"

ನೀಲಕ್ಕ ಅಂಗಳಕ್ಕೆ ಹೋಗಿ ಉಳಿದಿದ್ದ ಹೂವು ಬಿಡಿಸಿದಳು. ಹೊಸ್ತಿಲ ಮೇಲೆ ಕುಳಿತು ದಾರಕ್ಕೆ ಕಟ್ಟಿದಳು. ಹುಡುಗಿಯನ್ನು ತಿರುಗಿಸಿ ಕೂರಿಸಿ ತಾನೇ ಮುಡಿಸಿದಳು.

"ಫೋಟೋದಾಗಿನಾಕಿ ಏನು ಮುಡೀತಾಳ? ನೀ ಮುಡ್ಕೊ."

ಹೊರಡುವಾಗ ರೇಣುಕಾ ಒಣಗಿದ ತೆನೆಗಳನ್ನು ಕಾಗದದಲ್ಲಿ ಸುತ್ತಿ ತಂದಳು. ನೀಲಕ್ಕ ಸೆರಗಿಗೆ ಕಟ್ಟಿಕೊಂಡಳು. ಬದಲಿಗೆ ಕೊಡಲು ಚೀಲ ತಡಕಾಡಿ, ಆ ಕುರ್ಪಿಯನ್ನೇ ತೆಗೆದು ಹುಡುಗಿಯ ಕೈಯಲ್ಲಿಟ್ಟಳು. "ಬುಡ ಸಡ್ಲ ಮಾಡ್ತಿರು," ಎಂದಷ್ಟೇ ಹೇಳಿದಳು.

ಬಸ್ಸು ಹೊರಟ ಮೇಲೆ ನೀಲಕ್ಕನಿಗೆ ಅಳು ಬಂತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಎದುರು ಸೀಟಿನವರು ತಿರುಗಿ ನೋಡುತ್ತಿದ್ದರು.

"ಹೂವು ಮುಡಿಸಿದ್ನಲ್ಲ, ಹಿಂದಿಂದ ನೋಡಿದ್ರ ಥೇಟ್ ನನ್ನ ಮಂಜುಳಾನ ರೀ. ತಿರುಗಬ್ಯಾಡಲೇ, ಸ್ವಲ್ಪ ಹೊತ್ತು ಹಂಗ ಕುಂದ್ರು ಅನ್ನಬೇಕನಿಸ್ತು. ಆಕಿ ತಿರುಗಿಬಿಟ್ಲು."

ಆ ಬೀಜ ಬಿತ್ತಿದಳೆಂದು ಕೇಳಿದೆ. ಆದರೆ ನೀಲಕ್ಕ ಮತ್ತೆ ಮೊದಲಿನವಳಾಗಲಿಲ್ಲ. ಊಟ ಕಡಿಮೆಯಾಯಿತು, ಮೈ ಇಳಿಯಿತು. ಕಳೆದ ಚಳಿಗಾಲದಲ್ಲಿ ಲಿವರ್ ಕೆಟ್ಟಿದೆ ಎಂದು ಹೊಸಪೇಟೆಯ ಆಸ್ಪತ್ರೆಗೆ ಸೇರಿಸಿದರು. ಶಾಲೆ ಮುಗಿಸಿ ನೋಡಲು ಹೋದಾಗ ಮಂಚದ ಪಕ್ಕದಲ್ಲಿದ್ದವಳು ರೇಣುಕಾ. ಸುದ್ದಿ ತಿಳಿದ ದಿನವೇ ಬಂದವಳು ಮನೆಗೆ ಹೋಗಿರಲಿಲ್ಲವಂತೆ. ಜಡೆ ಬಿಡಿಸಿ, ಎಣ್ಣೆ ಹಚ್ಚಿ, ನೀಲಕ್ಕನ ತಲೆ ಬಾಚುತ್ತಿದ್ದಳು.

ನೀಲಕ್ಕನಿಗೆ ನನ್ನ ಗುರುತು ಸಿಗಲಿಲ್ಲ. ಕಣ್ಣು ಹಳದಿಯಾಗಿತ್ತು. "ಮಂಜುಳಾ," ಎಂದು ಕರೆದಳು. "ನೀರು ಕೊಡು." ರೇಣುಕಾ ಚಮಚದಲ್ಲಿ ನೀರು ಹಾಕಿದಳು.

ನಾನು ಹೊರಡಲು ಎದ್ದಾಗ ಅವಳೂ ಬಾಗಿಲಾಚೆ ಬಂದಳು. ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು:

"ಮೇಡಂ, ಅಕ್ಕ ಇವ್ರಿಗೆ ಏನಂತ ಕರೀತಿದ್ಲು? ಅಮ್ಮ ಅಂತಿದ್ಲೋ, ಅವ್ವ ಅಂತಿದ್ಲೋ?"

"ಅವ್ವ," ಎಂದೆ.

ತಲೆಯಾಡಿಸಿ ಒಳಗೆ ಹೋದಳು. ಬಾಗಿಲು ಅರೆ ತೆರೆದಿತ್ತು.

"ಅವ್ವಾ, ಇಲ್ಲೇ ಅದೀನಿ ನೋಡು."

"ಎಲ್ಲಿ ಹೋಗಿದ್ದಿಲೇ ಇಷ್ಟು ದಿನ?" ನೀಲಕ್ಕನ ದನಿಯಲ್ಲಿ ಸಿಟ್ಟಿತ್ತು.

"ಎಲ್ಲೂ ಹೋಗಿಲ್ಲವ್ವ. ಇಲ್ಲೇ ಇದ್ದೆ."

ಒಳಗೆ ಹೋಗಿ ಇನ್ನೊಮ್ಮೆ ಮುಖ ನೋಡಬೇಕೆನಿಸಿತು. ಹೋಗಲಿಲ್ಲ. ಮೆಟ್ಟಿಲಿಳಿದೆ. ಮರುದಿನ ಬೆಳಿಗ್ಗೆ ರೇಣುಕಾಳ ಫೋನ್ ಬಂತು. "ಅವ್ವ ಹೋದ್ಲು ಮೇಡಂ," ಎಂದಳು.